ಬಂಕ್‌ನಲ್ಲಿ 33, ಕಾರಿನಲ್ಲಿ 31: ಟೈರ್ ಸೆನ್ಸರ್ ಸುಳ್ಳು ಹೇಳುತ್ತಿದೆಯಾ?

ಹೋದ ಡಿಸೆಂಬರ್‌ನಲ್ಲಿ ಮಂಗಳೂರಿಗೆ ಹೋಗಿ ಬಂದ ಮೇಲೆ ನನಗೂ ನನ್ನ ಕಾರಿಗೂ ಸಣ್ಣದೊಂದು ಜಗಳ ಶುರುವಾಯಿತು. ಮಂಗಳೂರಿನಲ್ಲಿ ಮಧ್ಯಾಹ್ನ ಊಟ ಮುಗಿಸಿ, ಹೊರಡುವ ಮುಂಚೆ, ಮನೆ ಪಕ್ಕದ ಬಂಕ್‌ನಲ್ಲೇ ನಾಲ್ಕೂ ಚಕ್ರಕ್ಕೆ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಹೊಡೆಸಿದ್ದೆ. ಕಾರಿನ ಮೀಟರ್ ಕೂಡ 33 ಅಂದಿತ್ತು. ಶಿರಾಡಿ ಘಾಟಿ ಹತ್ತಿ ರಾತ್ರಿ ಬೆಂಗಳೂರು ಸೇರಿದೆವು. ಮರುದಿನ ಬೆಳಗಿನ ಚಳಿಯಲ್ಲಿ ಕಾರು ತೆಗೆದರೆ ಎರಡು ಚಕ್ರ 30, ಎರಡು ಚಕ್ರ 31. ಒಂದೇ ರಾತ್ರಿಯಲ್ಲಿ ನಾಲ್ಕೂ ಟೈರು ಒಟ್ಟಿಗೆ ಪಂಕ್ಚರ್ ಆಗಲು ನಾನೇನು ಮೊಳೆ ಹಾಸಿದ ದಾರಿಯಲ್ಲಿ ಬಂದಿದ್ದೆನಾ?

ಬಂಕ್‌ಗೆ ಹೋದೆ. ಅಲ್ಲಿನ ಮಷೀನು 32 ಅಂದಿತು. ಗಾಳಿ ಹೊಡೆಯುವ ಹುಡುಗ 33ಕ್ಕೆ ಏರಿಸಿದ. ಕಾರು ಮಾತ್ರ 31ರ ಮೇಲೆ ಹಟ ಹಿಡಿದು ಕೂತಿತು. "ಸಾರ್, ನಿಮ್ಮ ಸೆನ್ಸರ್ ಹೋಗಿದೆ, ಚೇಂಜ್ ಮಾಡ್ಸಿ" ಅಂದ ಹುಡುಗ. ಮಷೀನು ಹಾಳಾಗಿದೆ ಅಂತ ನನಗೆ ಅನಿಸಿತು. ಆಮೇಲೆ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು, ಅಲ್ಲಿ ಏನೂ ಹಾಳಾಗಿರಲಿಲ್ಲ. ಮಂಗಳೂರಿನ ಬಂಕು, ಬೆಂಗಳೂರಿನ ಬಂಕು, ನನ್ನ ಕಾರು, ಮೂವರೂ ನಿಜವನ್ನೇ ಹೇಳಿದ್ದರು.

ಟೈರ್ ಸೆನ್ಸರ್ ತಪ್ಪು ತೋರಿಸುತ್ತಿದೆ ಅಂತ ಬರುವ ದೂರುಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ನಿಜವಾಗಿ ಕೆಟ್ಟ ಸೆನ್ಸರ್‌ಗಳೂ ಇವೆ, ಅವುಗಳ ಕಥೆಗೂ ಬರುತ್ತೇನೆ. ಒಂದು ಚಕ್ರದ ಅಂಕಿಯನ್ನೇ ದಿಟ್ಟಿಸುತ್ತಾ ಕೂರುವ ಬದಲು ನಾಲ್ಕನ್ನೂ ಒಟ್ಟಿಗೆ ನೋಡಿದರೆ ರೋಗ ಬೇಗ ಸಿಗುತ್ತದೆ. ನಾಲ್ಕೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಚಳಿ, ಬಿಸಿಲು, ಎತ್ತರ, ಅಥವಾ ನೀವು ಹೋಲಿಸುತ್ತಿರುವ ಗೇಜ್ ಕಾರಣ. ಒಂದೇ ಚಕ್ರ ತಪ್ಪಿದ್ದರೆ ಆ ಚಕ್ರದಲ್ಲೇ ಏನೋ ಇದೆ. ಅಂಕಿಯ ಜಾಗದಲ್ಲಿ ಎರಡು ಗೀಟು ಬಂದರೆ ಆ ಸೆನ್ಸರ್‌ನ ಮಾತು ಕಾರಿನ ಕಿವಿಗೆ ಬೀಳುತ್ತಿಲ್ಲ. ಬಲಗಡೆ ಗಾಳಿ ಇಳಿದರೆ ಎಡಗಡೆ ಕೆಂಪಾಗುತ್ತದೆ ಅಂದರೆ ಯಾವ ಸೆನ್ಸರ್ ಯಾವ ಚಕ್ರದ್ದು ಅನ್ನುವ ವಿಳಾಸ ಅದಲುಬದಲಾಗಿದೆ.

ಕಾರಿಗೆ ಗೊತ್ತಾಗುವುದು ಹೇಗೆ

ಟೈರಿನ ಒತ್ತಡದ ಮೇಲೆ ಕಣ್ಣಿಡುವ ಈ ವ್ಯವಸ್ಥೆಯನ್ನು ಟಿಪಿಎಂಎಸ್ (ಟೈರ್ ಪ್ರೆಶರ್ ಮಾನಿಟರಿಂಗ್ ಸಿಸ್ಟಮ್) ಅನ್ನುತ್ತಾರೆ. ಇದರಲ್ಲಿ ಎರಡು ಜಾತಿ. ಒಂದರಲ್ಲಿ ಪ್ರತಿ ಚಕ್ರದ ಒಳಗೆ, ರಿಮ್‌ಗೆ ಅಂಟಿಕೊಂಡಂತೆ, ವಾಲ್ವ್‌ನ ಬುಡದಲ್ಲೇ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದರಲ್ಲಿ ಒತ್ತಡ ಅಳೆಯುವ ಚಿಪ್ಪು, ಒಂದು ಲಿಥಿಯಂ ಸೆಲ್ಲು, ಒಂದು ಸಣ್ಣ ರೇಡಿಯೋ. ಪ್ರತಿ ಸೆನ್ಸರ್‌ಗೂ ತನ್ನದೇ ಒಂದು ನಂಬರ್ ಇರುತ್ತದೆ. "ನಾನು ಇಂಥ ನಂಬರಿನವನು, ಒತ್ತಡ ಇಷ್ಟು, ಶಾಖ ಇಷ್ಟು" ಅಂತ ಅದು ಆಗಾಗ ಕೂಗಿ ಹೇಳುತ್ತದೆ. ನಮ್ಮಲ್ಲಿ ಮತ್ತು ಯುರೋಪಿನಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ, ಅಮೆರಿಕದಲ್ಲಿ ಹೆಚ್ಚಾಗಿ 315 ಮೆಗಾಹರ್ಟ್ಸ್‌ನಲ್ಲಿ. ಮೀಟರ್‌ನಲ್ಲಿ ನಾಲ್ಕು ಅಂಕಿ ಕಾಣುವ ಕಾರುಗಳೆಲ್ಲ ಈ ಜಾತಿ.

ಇನ್ನೊಂದು ಜಾತಿಯಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಚಕ್ರ ಸ್ವಲ್ಪ ಕುಗ್ಗುತ್ತದೆ, ಮಿಲಿಮೀಟರ್ ಲೆಕ್ಕದಲ್ಲಿ. ಕುಗ್ಗಿದ ಚಕ್ರ ಅಷ್ಟೇ ದೂರಕ್ಕೆ ಸ್ವಲ್ಪ ಜಾಸ್ತಿ ಸುತ್ತುತ್ತದೆ. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಬ್ರೇಕಿಗಾಗಿ ಇರುವ ವೇಗದ ಸೆನ್ಸರ್‌ಗಳು ಆ ವ್ಯತ್ಯಾಸವನ್ನು ಹಿಡಿಯುತ್ತವೆ. ಇಂಥ ಕಾರಿನಲ್ಲಿ ಅಂಕಿ ಬರುವುದಿಲ್ಲ, ಹಳದಿ ದೀಪ ಮಾತ್ರ. ಅದರ ತಂಟೆಗಳೇ ಬೇರೆ, ಕೊನೆಗೆ ನೋಡೋಣ.

ಚಳಿ, ಬಿಸಿಲು, ಘಾಟಿ

ಟೈರಿನೊಳಗೆ ಅಷ್ಟೇ ಗಾಳಿ ಇದ್ದರೂ ತಣ್ಣಗಾದರೆ ಒತ್ತಡ ಇಳಿಯುತ್ತದೆ, ಬಿಸಿಯಾದರೆ ಏರುತ್ತದೆ. ಸಾಮಾನ್ಯ ಕಾರಿನ ಟೈರಿನಲ್ಲಿ 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚುಕಮ್ಮಿ ಆಗುತ್ತದೆ. ಹೈವೇಯಲ್ಲಿ ಒಂದು ಗಂಟೆ ಓಡಿದರೆ ಟೈರಿನ ಒಳಗಿನ ಗಾಳಿ ಬಿಸಿಯಾಗಿ 33 ಇದ್ದದ್ದು 36, 37, ಬೇಸಿಗೆಯಲ್ಲಿ ಇನ್ನೂ ಮೇಲೆ ಹೋಗುವುದು ಸಹಜ. ಘಾಟಿ ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ಮುಂದಿನ ಚಕ್ರಗಳು ಬಿಸಿಯಾದರೆ ಅವು ಹಿಂದಿನವುಗಳಿಗಿಂತ ಜಾಸ್ತಿ ತೋರಿಸಬಹುದು. ಮನೆ ಮುಂದೆ ಅರ್ಧ ಕಾರು ಬಿಸಿಲಿಗೆ, ಅರ್ಧ ನೆರಳಿಗೆ ನಿಲ್ಲಿಸಿ ನೋಡಿ, ಎಡ ಬಲಗಳ ಅಂಕಿಯೇ ಬೇರೆ ಇರುತ್ತದೆ. ಇದಾವುದೂ ಸೆನ್ಸರ್ ತಪ್ಪಲ್ಲ.

ಇದರಲ್ಲಿ ಜನ ಮಾಡುವ ದೊಡ್ಡ ತಪ್ಪು ಒಂದಿದೆ. ಹೈವೇಯಲ್ಲಿ 37 ಕಂಡು ಗಾಬರಿಯಾಗಿ, ಢಾಬಾ ಪಕ್ಕ ನಿಲ್ಲಿಸಿ ಗಾಳಿ ಬಿಡುವುದು. ಬಿಸಿಯಲ್ಲಿ 33ಕ್ಕೆ ಇಳಿಸಿದರೆ ಬೆಳಿಗ್ಗೆ ಅದು 29 ಆಗಿರುತ್ತದೆ. ಆಮೇಲೆ "ರಾತ್ರಿ ಗಾಳಿ ಇಳಿದುಹೋಯ್ತು, ಸೆನ್ಸರ್ ಏನೇನೋ ತೋರಿಸುತ್ತಿದೆ" ಅಂತ ಗೊಣಗುವುದು. ಕಂಪನಿ ಹೇಳುವ 33 ತಣ್ಣಗಿನ ಟೈರಿನ ಲೆಕ್ಕ. ತಣ್ಣಗೆ ಅಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಎರಡು ಕಿಲೋಮೀಟರಿಗಿಂತ ಕಮ್ಮಿ ಓಡಿರಬೇಕು. ಆ ಅಂಕಿ ಡ್ರೈವರ್ ಬಾಗಿಲು ತೆಗೆದಾಗ ಕಾಣುವ ಸ್ಟಿಕ್ಕರ್‌ನಲ್ಲಿರುತ್ತದೆ. ಕಾರಿನ ತುಂಬಾ ಜನ, ಡಿಕ್ಕಿ ತುಂಬಾ ಸಾಮಾನು ಇದ್ದರೆ ಎಷ್ಟು ಅನ್ನುವುದನ್ನೂ ಅಲ್ಲೇ ಬರೆದಿರುತ್ತಾರೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಅಂಕಿ ಆ ಟೈರು ತಾಳುವ ಮಿತಿ, ನಾವು ಹೊಡೆಸಬೇಕಾದದ್ದು ಅದಲ್ಲ.

ಈಗ ನನ್ನ ಮಂಗಳೂರಿನ ಲೆಕ್ಕಕ್ಕೆ ಬರೋಣ. ಇದರಲ್ಲಿ ಶಾಖದ ಜೊತೆ ಇನ್ನೊಬ್ಬ ಕಳ್ಳ ಸೇರಿಕೊಂಡಿದ್ದಾನೆ, ಎತ್ತರ.

ಬಂಕ್‌ನ ಗೇಜ್ ಅಳೆಯುವುದು ಒಳಗಿನ ಗಾಳಿ ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಒತ್ತುತ್ತಿದೆ ಅನ್ನುವುದನ್ನು. ಟೈರಿನೊಳಗಿನ ಡಬ್ಬಿಗೆ ಹೊರಗಿನ ಗಾಳಿ ಗೊತ್ತೇ ಇಲ್ಲ, ಅದು ಒಳಗಿನ ಪೂರ್ತಿ ಒತ್ತಡವನ್ನು ಅಳೆಯುತ್ತದೆ. ಅದರಿಂದ ಹೊರಗಿನ ಗಾಳಿಯ ಒತ್ತಡವನ್ನು ಕಳೆದು ನಮಗೆ ತೋರಿಸಬೇಕು. ಸಮುದ್ರದ ಮಟ್ಟದಲ್ಲಿ ಆ ಹೊರಗಿನ ಒತ್ತಡ 14.7 ಪಿಎಸ್‌ಐ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 13.2ರ ಆಸುಪಾಸು. ಕೆಲವು ಕಾರುಗಳು ಇರುವ ಊರಿನ ಗಾಳಿಯನ್ನು ಅಳೆದೇ ಕಳೆಯುತ್ತವೆ. ಇನ್ನು ಕೆಲವು ಎಲ್ಲೇ ಇರಲಿ ಕಣ್ಣುಮುಚ್ಚಿ ಸಮುದ್ರ ಮಟ್ಟದ 14.7 ಕಳೆದುಬಿಡುತ್ತವೆ. ನನ್ನದು ಎರಡನೇ ಥರದ್ದು ಅಂತ ಈಗ ಗೊತ್ತಾಗಿದೆ.

ಮಂಗಳೂರಿನಲ್ಲಿ 32 ಡಿಗ್ರಿ ಇತ್ತು. ಗೇಜ್ ಒತ್ತಡ 33, ಹೊರಗಿನದು 14.7, ಸೇರಿಸಿದರೆ ಒಳಗೆ ಒಟ್ಟು 47.7. ಬೆಂಗಳೂರಿನ ಬೆಳಿಗ್ಗೆ 16 ಡಿಗ್ರಿ. ಆ ಚಳಿಗೆ 47.7 ಇಳಿದು 45.2 ಆಯಿತು. ಬಂಕ್‌ನ ಗೇಜ್ ಇದರಿಂದ 13.2 ಕಳೆದು 32 ಅಂದಿತು. ಕಾರು 14.7 ಕಳೆದು 30.5 ಅಂದಿತು. ಎರಡು ಚಕ್ರ 30, ಎರಡು 31 ಅಂತ ಕಂಡದ್ದು ಆ ಅರ್ಧವನ್ನು ಅತ್ತಿತ್ತ ಮಾಡಿದ್ದರಿಂದ, ಅಷ್ಟೇ. ಹುಡುಗ 33ಕ್ಕೆ ಏರಿಸಿದ ಮೇಲೂ ಆ ಒಂದೂವರೆಯ ಅಂತರ ಹಾಗೇ ಉಳಿಯಿತು.

ಬೆಂಗಳೂರು, ಮೈಸೂರು ಕಡೆ ಇರುವವರಿಗೆ ಕಾರು ಯಾವಾಗಲೂ ಬಂಕ್‌ಗಿಂತ ಒಂದೂವರೆ ಪಿಎಸ್‌ಐ ಕಮ್ಮಿ ತೋರಿಸುತ್ತದೆ, ಅದೂ ನಾಲ್ಕೂ ಚಕ್ರದಲ್ಲಿ ಒಂದೇ ಸಮ ಅನ್ನುವುದಾದರೆ, ಮೊದಲು ಇದನ್ನೇ ಅನುಮಾನಿಸಿ. ಊಟಿಗೆ ಹೋದರೆ ಅಂತರ ಮೂರೂವರೆ ಪಿಎಸ್‌ಐ ಹತ್ತಿರ ಹೋಗುತ್ತದೆ. ಲಡಾಖ್‌ಗೆ ಕಾರು ಓಡಿಸಿಕೊಂಡು ಹೋಗುವ ನಮ್ಮ ಹುಡುಗರಿಗೆ ಲೇಹ್‌ನಲ್ಲಿ, 3,500 ಮೀಟರ್ ಎತ್ತರದಲ್ಲಿ, ಐದು ಪಿಎಸ್‌ಐ ವ್ಯತ್ಯಾಸ ಕಾಣಬಹುದು. ಸರಿಯಾಗಿ 33 ಹೊಡೆಸಿದ ಟೈರು 28 ಅನ್ನುತ್ತದೆ. ಅಲ್ಲಿ ಕಾರಿನ ಮಾತು ಕೇಳಿ ಇನ್ನೂ ಐದು ತುಂಬಿಸಿದರೆ ಟೈರು ಕಲ್ಲಿನಂತಾಗುತ್ತದೆ. ಅಲ್ಲಿ ಕೈಯಲ್ಲಿ ಹಿಡಿಯುವ ಗೇಜನ್ನೇ ನಂಬಬೇಕು.

ನಿಂತ ಕಾರಿನ ಅಂಕಿ ಹಳಸಲು

ಸೆನ್ಸರ್‌ನ ಸೆಲ್ಲು ವರ್ಷಗಟ್ಟಲೆ ಬಾಳಬೇಕು. ಅದಕ್ಕೆ ಅದು ಬಹಳ ಜಿಪುಣ. ಕಾರು ನಿಂತಾಗ ಬಹುತೇಕ ನಿದ್ದೆ ಮಾಡುತ್ತದೆ. ಚಕ್ರ ಒಂದು ವೇಗಕ್ಕೆ ಸುತ್ತಲು ಶುರುವಾದಾಗ ಎದ್ದು, ಸುಮಾರು ನಿಮಿಷಕ್ಕೊಮ್ಮೆ ಮಾತಾಡುತ್ತದೆ. ಹಾಗಾಗಿ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ತಕ್ಷಣ ಕಾಣುವುದು ನಿನ್ನೆಯ ಅಂಕಿ ಇರಬಹುದು, ಅಥವಾ ಬರೀ ಗೀಟುಗಳಿರಬಹುದು. ಬಂಕ್‌ನಲ್ಲಿ ಗಾಳಿ ಹೊಡೆಸಿ, ಅಲ್ಲೇ ನಿಂತು ಮೀಟರ್ ನೋಡಿ "ಏರಲೇ ಇಲ್ವಲ್ಲ" ಅಂತ ಹುಡುಗನ ಜೊತೆ ವಾದಕ್ಕಿಳಿಯುವವರನ್ನು ನಾನೇ ನೋಡಿದ್ದೇನೆ. ಕೆಲವು ಸೆನ್ಸರ್‌ಗಳು ಒತ್ತಡ ಸರ್ರನೆ ಬದಲಾದರೆ ತಕ್ಷಣ ಹೇಳುತ್ತವೆ, ಎಲ್ಲವೂ ಅಲ್ಲ. ಐದು, ಹತ್ತು ನಿಮಿಷ ಓಡಿಸಿ ಆಮೇಲೆ ನೋಡಿ. ಆದರೆ ಜಾಸ್ತಿ ಓಡಿಸಿದರೆ ಟೈರು ಬಿಸಿಯಾಗಿ ಅಂಕಿ ಏರಿರುತ್ತದೆ, ಅದೂ ನೆನಪಿರಲಿ.

ಅಳತೆಯ ಭಾಷೆಯಲ್ಲೂ ಸ್ವಲ್ಪ ಗೊಂದಲವಿದೆ. 230 ಕಿಲೋಪಾಸ್ಕಲ್ ಅಂದರೆ 33.4 ಪಿಎಸ್‌ಐ. 2.3 ಬಾರ್ ಅಂದರೂ ಅಷ್ಟೇ. ಒಂದು ಅಳತೆಯಿಂದ ಇನ್ನೊಂದಕ್ಕೆ ಬದಲಿಸಿ ಪೂರ್ಣಾಂಕ ಮಾಡುವಾಗ ಅರ್ಧ ಪಿಎಸ್‌ಐ ಅತ್ತಿತ್ತ ಹೋಗುತ್ತದೆ. ಸೆನ್ಸರ್‌ಗೂ ಒಂದು ಪಿಎಸ್‌ಐ ಆಚೀಚೆ ಆಗುವ ಸಹಜ ಸಡಿಲಿಕೆ ಇರುತ್ತದೆ. ಚಕ್ರದಿಂದ ಚಕ್ರಕ್ಕೆ ಒಂದು ಪಿಎಸ್‌ಐ ವ್ಯತ್ಯಾಸ ಕಂಡರೆ ದಯವಿಟ್ಟು ನಿದ್ದೆ ಕೆಡಿಸಿಕೊಳ್ಳಬೇಡಿ.

ಯಾರನ್ನು ನಂಬುವುದು

ಒಂದು ಗೇಜ್ ನಿಮ್ಮದೇ ಅಂತ ಇರಲಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮುಳ್ಳಿನದ್ದಾದರೂ ಸರಿ, ಡಿಜಿಟಲ್ ಆದರೂ ಸರಿ. ಅದನ್ನು ಪರೀಕ್ಷಿಸುವುದು ಸುಲಭ. ಒಂದೇ ತಣ್ಣಗಿನ ಟೈರನ್ನು ಮೂರು ಸಲ ಅಳೆಯಿರಿ. ಮೂರೂ ಸಲ ಹೆಚ್ಚುಕಮ್ಮಿ ಒಂದೇ ಅಂಕಿ ಬಂದರೆ ಗೇಜ್ ಸ್ಥಿರವಾಗಿದೆ. ಒಮ್ಮೆ 33, ಒಮ್ಮೆ 30 ಅಂದರೆ ಅದನ್ನು ಪಕ್ಕಕ್ಕಿಡಿ. ಸ್ಥಿರವಾಗಿರುವ ಗೇಜ್ ಸರಿಯಾಗಿಯೂ ಇದೆಯಾ ಅಂತ ತಿಳಿಯಲು ಗೆಳೆಯರ ಗೇಜ್ ಜೊತೆ, ಒಂದೆರಡು ಬಂಕ್‌ಗಳ ಮಷೀನಿನ ಜೊತೆ ಹೋಲಿಸಿ. ಬಂಕ್‌ನ ಮಷೀನನ್ನು ವೇದವಾಕ್ಯ ಅಂತ ನಂಬಲು ನನಗೆ ಮನಸ್ಸಿಲ್ಲ. ಅದರ ಪೈಪು ದಿನಕ್ಕೆ ಎಷ್ಟು ಸಲ ನೆಲಕ್ಕೆ ಬೀಳುತ್ತದೆ, ಎಷ್ಟು ಗಾಡಿಗಳು ಅದರ ಮೇಲೆ ಹತ್ತಿ ಇಳಿಯುತ್ತವೆ ಅಂತ ನೋಡಿದವರಿಗೆ ಗೊತ್ತು. ಕಾರಿನ ಸಾಕೆಟ್‌ಗೆ ಸಿಕ್ಕಿಸಿ ಗಾಳಿ ಹೊಡೆಯುವ ಪುಟ್ಟ ಪಂಪುಗಳ ಅಂಕಿಯನ್ನೂ ಪಂಪು ಓಡುತ್ತಿರುವಾಗ ನಂಬಬೇಡಿ. ತಳ್ಳುವ ಗಾಳಿಯ ಒತ್ತಡವೂ ಸೇರಿ ಅದು ಜಾಸ್ತಿ ತೋರಿಸುತ್ತದೆ. ನಿಲ್ಲಿಸಿ ನೋಡಿ.

ಇನ್ನು ಕೆಲಸ ಇಷ್ಟೇ. ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ ನಾಲ್ಕನ್ನೂ ಗೇಜ್‌ನಿಂದ ಅಳೆದು ಬರೆದುಕೊಳ್ಳಿ. ಹತ್ತಿರದಲ್ಲೇ ಒಂದು ಸುತ್ತು ಹಾಕಿ, ಕಾರು ಹೇಳಿದ್ದನ್ನು ಪಕ್ಕದಲ್ಲಿ ಬರೆಯಿರಿ. ಕಾಗದದ ಮೇಲೆ ನೋಡಿದಾಗ ಎಲ್ಲವೂ ಒಂದೇ ಸಮ ಕಮ್ಮಿ ಇವೆಯಾ, ಒಂದೇ ತಪ್ಪಿದೆಯಾ ಅನ್ನುವುದು ತಾನಾಗೇ ಕಾಣುತ್ತದೆ.

ಒಂದೇ ಚಕ್ರ ಹಟ ಹಿಡಿದರೆ

ಇಲ್ಲಿ ಮೊದಲು ಸೆನ್ಸರ್ ನಿಜವನ್ನೇ ಹೇಳುತ್ತಿದೆ ಅಂತಲೇ ಇಟ್ಟುಕೊಳ್ಳಿ. ನಾನು ಹಾಗೆ ಮಾಡದೆ ಒಮ್ಮೆ ಕೆಟ್ಟಿದ್ದೇನೆ. ಹಿಂದಿನ ಎಡ ಚಕ್ರ ದಿನಾ ಚೂರು ಚೂರೇ ಕಮ್ಮಿ ತೋರಿಸುತ್ತಾ ಹೋಯಿತು. ಸೆನ್ಸರ್ ಹಳೆಯದಾಯಿತು ಅಂತ ಎರಡು ವಾರ ಸುಮ್ನೆ ಬಿಟ್ಟೆ. ಕೊನೆಗೆ ನೋಡಿದರೆ ಟೈರಿನ ಗೀರುಗಳ ನಡುವೆ ಬಾಗಿಲಿಗೆ ಹೊಡೆಯುವ ಸ್ಕ್ರೂ ಒಂದು ನೆಟ್ಟಗೆ ಕೂತಿತ್ತು. ಟ್ಯೂಬ್‌ಲೆಸ್ ಟೈರು ಮೊಳೆಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಗಾಳಿ ಒಂದೊಂದೇ ಉಸಿರಿನಷ್ಟು ಹೋಗುತ್ತದೆ.

ಆದ್ದರಿಂದ ಆ ಚಕ್ರವನ್ನು ಮೂರು ದಿನ ಬೆಳಿಗ್ಗೆ ಗೇಜ್‌ನಿಂದಲೇ ಅಳೆಯಿರಿ. ಗೇಜ್ ಕೂಡ ದಿನೇ ದಿನೇ ಇಳಿಯುತ್ತಿದ್ದರೆ ಸೋರಿಕೆ ಖಚಿತ. ಸೋಪಿನ ನೀರು ಮಾಡಿಕೊಂಡು ಮೂರು ಕಡೆ ಹಚ್ಚಿ: ವಾಲ್ವ್‌ನ ಬಾಯಿ ಮತ್ತು ಬುಡ, ಟೈರು ರಿಮ್ಮನ್ನು ಅಪ್ಪಿರುವ ಅಂಚು, ಆಮೇಲೆ ರಸ್ತೆಗೆ ತಾಗುವ ಭಾಗ. ಗುಂಡಿಗೆ ಬಿದ್ದು ರಿಮ್ ಒಂದು ಕಡೆ ಸೊಟ್ಟಗಾಗಿದ್ದರೆ ಅಂಚಿನಲ್ಲಿ ಗುಳ್ಳೆ ಏಳುತ್ತದೆ. ನಮ್ಮ ರಸ್ತೆಗಳಲ್ಲಿ ಇದೇನು ಅಪರೂಪವಲ್ಲ. ಹಳೆಯ ಅಲಾಯ್ ರಿಮ್‌ಗಳಲ್ಲಿ ಅದೇ ಅಂಚಿಗೆ ತುಕ್ಕಿನಂಥ ಬಿಳಿ ಪುಡಿ ಕಟ್ಟಿಯೂ ಗಾಳಿ ಸೋರುತ್ತದೆ.

ಗೇಜ್ ಗಟ್ಟಿಯಾಗಿ 33 ಅನ್ನುತ್ತಾ, ಕಾರು ಮಾತ್ರ ಆ ಒಂದೇ ಚಕ್ರಕ್ಕೆ 27 ಅನ್ನುತ್ತಿದ್ದರೆ ಆಗ ಸೆನ್ಸರ್ ಕಡೆ ತಿರುಗಿ. ಮೊದಲ ಪ್ರಶ್ನೆ: ಆ ಟೈರಿಗೆ ಯಾವಾಗಲಾದರೂ ಪಂಕ್ಚರ್ ಲಿಕ್ವಿಡ್ ಹಾಕಿಸಿದ್ದೀರಾ? ಸ್ಟೆಪ್ನಿ ಇಲ್ಲದ ಕಾರುಗಳಲ್ಲಿ ಕಂಪನಿಯೇ ಈ ಬಾಟಲಿ ಕೊಟ್ಟಿರುತ್ತದೆ. ಆ ಅಂಟು ಸೆನ್ಸರ್‌ನ ಮೂಗಿನ ತೂತಿಗೆ ಮೆತ್ತಿಕೊಂಡರೆ ಅದು ಉಸಿರು ಕಟ್ಟಿದಂತಾಗುತ್ತದೆ. ಟೈರಿನಲ್ಲಿ ಒತ್ತಡ ಏರಿದರೂ ಇಳಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಇದನ್ನು ಹಿಡಿಯಲು ಒಂದು ಒಳ್ಳೆಯ ದಾರಿ ಹೈವೇ ಪ್ರಯಾಣ. ನಲವತ್ತು ಕಿಲೋಮೀಟರ್ ಓಡಿದ ಮೇಲೆ ಮೂರು ಚಕ್ರ ಮೂರು ನಾಲ್ಕು ಪಿಎಸ್‌ಐ ಏರಿ, ನಾಲ್ಕನೆಯದು ಕಲ್ಲಿನಂತೆ ಅಲ್ಲೇ ನಿಂತಿದ್ದರೆ ಆ ಸೆನ್ಸರ್ ಕೆಟ್ಟಿದೆ. ಟೈರು ಬಿಚ್ಚಿಸಿ ಒರೆಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ತೂತಿಗೆ ಸೂಜಿ ಹಾಕಿ ಕೆದಕಿದರೆ ಒಳಗಿನ ಚಿಪ್ಪು ಹಾಳಾಗುತ್ತದೆ, ಅದು ಬೇಡ.

ಸಾಮಾನ್ಯ ಪಂಕ್ಚರ್ ಬತ್ತಿಯಿಂದ ಸೆನ್ಸರ್‌ಗೆ ಏನೂ ಆಗುವುದಿಲ್ಲ. ನೈಟ್ರೋಜನ್ ತುಂಬಿಸಿದರೂ ಅಂಕಿ ಏರಿಳಿಯುವುದು ನಿಲ್ಲುವುದಿಲ್ಲ. ಶಾಖಕ್ಕೆ ನೈಟ್ರೋಜನ್ ಕೂಡ ಗಾಳಿಯಂತೆಯೇ ವರ್ತಿಸುತ್ತದೆ, ಹೇಗೂ ಗಾಳಿಯಲ್ಲಿ ನೂರಕ್ಕೆ ಸುಮಾರು 78 ಪಾಲು ಅದೇ ಇದೆ ಅಲ್ವಾ.

ಗೀಟು ಬಂದರೆ, ದೀಪ ಮಿಣುಕಿದರೆ

ಕುದುರೆ ಲಾಳದಂಥ ಗುರುತಿನೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುವ ಹಳದಿ ದೀಪಕ್ಕೆ ಎರಡು ಮಾತು ಗೊತ್ತು. ಹತ್ತಿ ಹಾಗೇ ನಿಂತರೆ ಯಾವುದೋ ಚಕ್ರದಲ್ಲಿ ಗಾಳಿ ಕಮ್ಮಿ ಇದೆ. ಸ್ಟಾರ್ಟ್ ಮಾಡಿದಾಗ ಒಂದು, ಒಂದೂವರೆ ನಿಮಿಷ ಮಿಣುಕಿ ಆಮೇಲೆ ಆರದೆ ಹತ್ತಿಯೇ ಉಳಿದರೆ ವ್ಯವಸ್ಥೆಯಲ್ಲೇ ದೋಷವಿದೆ, ಗಾಳಿಯ ಮಾತು ಬೇರೆ.

ಮೊದಲನೆಯದರ ಬಗ್ಗೆ ಒಂದು ಎಚ್ಚರಿಕೆ. ಈ ದೀಪ ಬಹಳ ತಡವಾಗಿ ಹತ್ತುತ್ತದೆ. 2000ದ ಸುಮಾರಿಗೆ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳು ಪದರ ಕಿತ್ತು, ಗಾಡಿ ಮಗುಚಿ 200ಕ್ಕೂ ಹೆಚ್ಚು ಜನ ಸತ್ತರು. ಅದರ ಬೆನ್ನಿಗೆ ಬಂದ ಕಾನೂನಿನಿಂದಲೇ ಟಿಪಿಎಂಎಸ್ ಅಲ್ಲಿ ಕಡ್ಡಾಯವಾಯಿತು. 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಅನ್ವಯ. ಆ ನಿಯಮ ಕೇಳುವುದು ಗಾಳಿ ಶೇ 25ರಷ್ಟು ಇಳಿದಾಗ ಎಚ್ಚರಿಸಬೇಕು ಅಂತ. ಅಂದರೆ 33 ಇರಬೇಕಾದ ಟೈರು 25ಕ್ಕೆ ಬರುವವರೆಗೂ ದೀಪ ಸುಮ್ಮನಿರಬಹುದು. 27ರಲ್ಲಿ ದೀಪ ಹತ್ತಲಿಲ್ಲ ಅಂತ ಸೆನ್ಸರನ್ನು ಬೈಯಬೇಕಾಗಿಲ್ಲ. ನಮ್ಮಲ್ಲಿ 2020ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿ ಬೇರೆ ಥರದ್ದು: ಟ್ಯೂಬ್‌ಲೆಸ್ ಟೈರು, ಟಿಪಿಎಂಎಸ್ ಮತ್ತು ರಿಪೇರಿ ಕಿಟ್ ಇದ್ದರೆ ಸಣ್ಣ ಪ್ರಯಾಣಿಕ ವಾಹನಗಳಿಗೆ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ.

ಮಿಣುಕುವ ದೀಪಕ್ಕೂ ಗೀಟಿಗೂ ಮೊದಲ ಅನುಮಾನ ಸೆಲ್ಲಿನ ಮೇಲೆ. ಅದು ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬರುತ್ತದೆ. ಸಾಯುವ ಮುಂಚೆ ಸುಳಿವು ಕೊಡುತ್ತದೆ: ಚಳಿಯ ಬೆಳಿಗ್ಗೆ ಗೀಟು, ಮಧ್ಯಾಹ್ನ ಬಿಸಿಯಾದ ಮೇಲೆ ಅಂಕಿ ವಾಪಸ್. ತಣ್ಣಗಾದಾಗ ಮುದಿ ಸೆಲ್ಲಿಗೆ ಶಕ್ತಿ ಸಾಲುವುದಿಲ್ಲ. ಡಬ್ಬಿಯೊಳಗೆ ಗಟ್ಟಿ ಅಂಟು ಸುರಿದು ಮುಚ್ಚಿರುವುದರಿಂದ ಸೆಲ್ಲು ಮಾತ್ರ ಬದಲಿಸುವುದು ಕಷ್ಟ, ಇಡೀ ಸೆನ್ಸರೇ ಹೊಸದು ಹಾಕಬೇಕು.

ಸ್ಟೆಪ್ನಿ ಹಾಕಿಕೊಂಡು ಓಡಿಸುತ್ತಿದ್ದರೆ ಗೀಟು ಬರುವುದು ಸಹಜ, ಹೆಚ್ಚಿನ ಸ್ಟೆಪ್ನಿಗಳಲ್ಲಿ ಸೆನ್ಸರ್ ಇರುವುದಿಲ್ಲ. ಮನೆಗೆ ಬಂದ ಮೇಲೆ ಹಳೆಯ ಚಕ್ರ ಹಾಕಿ ಸ್ವಲ್ಪ ಓಡಿಸಿದರೆ ಸರಿಹೋಗಬೇಕು.

ಒಮ್ಮೊಮ್ಮೆ ನಾಲ್ಕೂ ಚಕ್ರ ಒಟ್ಟಿಗೆ ಗೀಟಾಗಿ, ಮತ್ತೆ ತಾವೇ ಬರುತ್ತವೆ. ನಾಲ್ಕೂ ಸೆಲ್ಲು ಒಂದೇ ನಿಮಿಷಕ್ಕೆ ಸತ್ತು ಬದುಕುವುದಿಲ್ಲವಲ್ಲ. ಇದು ರೇಡಿಯೋ ಗಲಾಟೆ. ನನ್ನ ಗೆಳೆಯನೊಬ್ಬ ತಿಂಗಳುಗಟ್ಟಲೆ ಇದರಿಂದ ತಲೆ ಕೆಡಿಸಿಕೊಂಡಿದ್ದ. ಕೊನೆಗೆ ಸಿಕ್ಕ ಕಳ್ಳ, ಸಾಕೆಟ್‌ಗೆ ಸಿಕ್ಕಿಸಿದ್ದ ಅಗ್ಗದ ಮೊಬೈಲ್ ಚಾರ್ಜರ್. ಕಳಪೆ ಚಾರ್ಜರ್, ಡ್ಯಾಶ್‌ಕ್ಯಾಮ್ ಅಡಾಪ್ಟರ್, ಆಮೇಲೆ ಹಾಕಿಸಿದ ಎಲ್‌ಇಡಿ ಬಲ್ಬುಗಳು ರೇಡಿಯೋ ಅಲೆಗಳಲ್ಲಿ ಗದ್ದಲ ಎಬ್ಬಿಸುತ್ತವೆ. ಆ ಸಂತೆಯಲ್ಲಿ ಸೆನ್ಸರ್‌ನ ಸಣ್ಣ ದನಿ ಕೇಳುವುದಿಲ್ಲ. ಒಂದೊಂದೇ ಕಿತ್ತು ಎರಡು ದಿನ ಓಡಿಸಿ ನೋಡಿ, ಖರ್ಚಿಲ್ಲದ ಪರೀಕ್ಷೆ.

ಟೈರ್ ಅಂಗಡಿಯಿಂದ ಬಂದ ಮೇಲೆ ಶುರುವಾದ ತೊಂದರೆ

ಹೊಸ ಟೈರು ಹಾಕಿಸಿದ ದಿನವೇ ಒಂದು ಚಕ್ರ ಮೂಕವಾದರೆ ಕಾಕತಾಳೀಯ ಅಂದುಕೊಳ್ಳಬೇಡಿ. ಟೈರನ್ನು ರಿಮ್‌ನಿಂದ ಬಿಡಿಸುವ ಮಷೀನಿನ ಒತ್ತುವ ತೋಳು ವಾಲ್ವ್‌ನ ಪಕ್ಕದಲ್ಲೇ ಇಳಿದರೆ ಒಳಗಿನ ಡಬ್ಬಿ ಪಟ್ ಅನ್ನುತ್ತದೆ. ನನಗೂ ಆಗಿದೆ. "ಸಾರ್, ಅದು ಕಂಪನಿ ಪ್ರಾಬ್ಲಂ" ಅಂತ ಅಂಗಡಿಯವರು ಕೈ ತೊಳೆದುಕೊಂಡರು. ಆಮೇಲೆ ಬಿಚ್ಚಿಸಿದಾಗ ಮೂಲೆ ಒಡೆದ ಸೆನ್ಸರ್ ಟೈರಿನೊಳಗೆ ಉರುಳಾಡುತ್ತಿತ್ತು. ಈಗ ಕಾರು ಏರಿಸುವ ಮೊದಲೇ ಹೇಳುತ್ತೇನೆ: "ಅಣ್ಣಾ, ನಾಲ್ಕರಲ್ಲೂ ಒಳಗೆ ಸೆನ್ಸರ್ ಇದೆ, ವಾಲ್ವ್ ಹತ್ತಿರ ಒತ್ತಬೇಡಿ."

ವಾಲ್ವ್‌ನ ಬಗ್ಗೆಯೂ ಒಂದು ಮಾತು. ಅಲ್ಯೂಮಿನಿಯಂ ವಾಲ್ವ್ ಇರುವ ಸೆನ್ಸರ್‌ಗೆ ನಿಕ್ಕಲ್ ಲೇಪದ ವಾಲ್ವ್ ಪಿನ್ ಬೇಕು. ಡಬ್ಬದಿಂದ ಕೈಗೆ ಸಿಕ್ಕಿದ ಹಿತ್ತಾಳೆ ಪಿನ್ ಹಾಕಿದರೆ ಎರಡು ಲೋಹ ಸೇರಿ, ಮಳೆ ನೀರೂ ಕೂಡಿಕೊಂಡು, ಕೆಲವೇ ತಿಂಗಳಲ್ಲಿ ಕಚ್ಚಿಕೊಳ್ಳುತ್ತದೆ. ಬಿಚ್ಚಲು ಹೋದರೆ ವಾಲ್ವೇ ಮುರಿಯುತ್ತದೆ. ಮಿಂಚುವ ಲೋಹದ ಕ್ಯಾಪುಗಳ ಕಥೆಯೂ ಇದೇ. ಪ್ಲಾಸ್ಟಿಕ್ ಕ್ಯಾಪ್ ಸಾಕು.

ಚಕ್ರಗಳನ್ನು ಹಿಂದೆ ಮುಂದೆ ಬದಲಿಸಿದ ಮೇಲೆ ವಿಳಾಸ ಅದಲುಬದಲಾಗುವುದು ಇನ್ನೊಂದು. ಕೆಲವು ಕಾರುಗಳು ಯಾವ ನಂಬರ್ ಎಲ್ಲಿದೆ ಅಂತ ತಾವೇ ಕಂಡುಹಿಡಿಯುತ್ತವೆ. ಕೆಲವಕ್ಕೆ ಸರ್ವಿಸ್ ಸೆಂಟರ್‌ನಲ್ಲಿ ಒಂದೊಂದೇ ಚಕ್ರದ ಹತ್ತಿರ ಉಪಕರಣ ಹಿಡಿದು ಮತ್ತೆ ಕಲಿಸಬೇಕು. ನಿಮ್ಮ ಕಾರಿನ ವಿಳಾಸ ಸರಿಯಿದೆಯಾ ನೋಡಲು ಒಂದು ಚಕ್ರದಿಂದ ನಾಲ್ಕೈದು ಪಿಎಸ್‌ಐ ಬಿಡಿ, ಹತ್ತಿರದಲ್ಲೇ ನಿಧಾನವಾಗಿ ಒಂದು ಸುತ್ತು ಹಾಕಿ, ಯಾವ ಅಂಕಿ ಇಳಿಯಿತು ಅಂತ ನೋಡಿ. ಆಮೇಲೆ ತುಂಬಿಸಲು ಮರೆಯಬೇಡಿ.

ಹೊಸ ಸೆನ್ಸರ್ ಆನ್‌ಲೈನ್‌ನಲ್ಲಿ ತರಿಸುವವರು ಮೆಗಾಹರ್ಟ್ಸ್ ನೋಡಿ. ನೋಡಲು ಒಂದೇ ಥರ ಇರುವ 315ರ ಸೆನ್ಸರನ್ನು ಅಮೆರಿಕದಲ್ಲಿರುವ ಅಣ್ಣ ಪ್ರೀತಿಯಿಂದ ತಂದುಕೊಟ್ಟರೂ, 433 ಕೇಳುವ ನಿಮ್ಮ ಕಾರಿಗೆ ಅದು ಕಾಣಿಸುವುದೇ ಇಲ್ಲ. ಸರಿಯಾದದ್ದು ಹಾಕಿದ ಮೇಲೂ ಅದರ ನಂಬರನ್ನು ಕಾರಿಗೆ ಪರಿಚಯಿಸಬೇಕು.

ಕ್ಯಾಪ್ ಥರದ ಸೆನ್ಸರ್‌ಗಳು

ಕಾರಿನಲ್ಲಿ ಟಿಪಿಎಂಎಸ್ ಇಲ್ಲದವರು ವಾಲ್ವ್‌ಗೆ ಕ್ಯಾಪ್‌ನಂತೆ ತಿರುಗಿಸಿ ಹಾಕುವ ಸೆನ್ಸರ್ ಕೊಳ್ಳುತ್ತಾರೆ, ಡ್ಯಾಶ್‌ಬೋರ್ಡ್ ಮೇಲೆ ಸೋಲಾರ್ ಪರದೆ ಇಡುತ್ತಾರೆ. ಒಳ್ಳೆಯದೇ. ಆದರೆ ಇವು ಕೆಲಸ ಮಾಡುವಾಗ ವಾಲ್ವ್ ಪಿನ್ ಸದಾ ತೆರೆದಿರುತ್ತದೆ. ಗಾಳಿಯನ್ನು ಹಿಡಿದಿರುವುದು ಕ್ಯಾಪ್‌ನೊಳಗಿನ ರಬ್ಬರ್ ಉಂಗುರ ಮಾತ್ರ. ಅದು ಸರಿಯಾಗಿ ಕೂರದಿದ್ದರೆ ಗಾಳಿ ಕಾಯಲು ಇಟ್ಟ ಸೆನ್ಸರೇ ಗಾಳಿ ಕದಿಯುತ್ತದೆ. ಹಾಕಿದ ದಿನವೇ ಸೋಪಿನ ನೀರು ಹಚ್ಚಿ ನೋಡಿ.

ಇನ್ನೊಂದು, ತೂಕ. 10 ಗ್ರಾಂ ಕ್ಯಾಪು ಅಂಗೈಯಲ್ಲಿ ಏನೂ ಅಲ್ಲ. 100 ಕಿಲೋಮೀಟರ್ ವೇಗದಲ್ಲಿ ಚಕ್ರ ಸುತ್ತುವಾಗ ಅದು ವಾಲ್ವನ್ನು ಹೊರಕ್ಕೆ ಎಳೆಯುವ ಬಲ ಸುಮಾರು ಒಂದೂವರೆ ಕಿಲೋ ತೂಗಿದಷ್ಟು. ಐದಾರು ವರ್ಷ ಬಿಸಿಲು ತಿಂದ ರಬ್ಬರ್ ವಾಲ್ವ್ ಆ ಎಳೆತಕ್ಕೆ ಬುಡದಲ್ಲಿ ಬಿರುಕು ಬಿಡಬಹುದು. ಇವನ್ನು ಹಾಕುವ ಮುಂಚೆ ಹಳೆಯ ವಾಲ್ವ್‌ಗಳನ್ನು ಬದಲಿಸಿ.

ಅಂಕಿ ತೋರಿಸದ ಕಾರುಗಳು

ಚಕ್ರದ ಸುತ್ತು ಎಣಿಸುವ ಜಾತಿಯ ಕಾರುಗಳಿಗೆ 33 ಅಂದರೇನೆಂದು ಗೊತ್ತಿಲ್ಲ. "ಇದೇ ಸರಿ" ಅಂತ ನೀವು ಕಲಿಸಿದ್ದನ್ನು ಅವು ನಂಬುತ್ತವೆ. ಗಾಳಿ ಹೊಡೆಸಿದ ಮೇಲೆ ಮೆನುವಿನಲ್ಲೋ ಬಟನ್‌ನಲ್ಲೋ ರೀಸೆಟ್ ಮಾಡಿ, ಸ್ವಲ್ಪ ದೂರ ಓಡಿಸಿದಾಗ ಕಾರು ಕಲಿಯುತ್ತದೆ. ದೀಪದ ಕಿರಿಕಿರಿ ತಾಳಲಾರದೆ ಗಾಳಿ ಹೊಡೆಸದೆಯೇ ರೀಸೆಟ್ ಒತ್ತಿದರೆ 26 ಪಿಎಸ್‌ಐಯನ್ನೇ ಸರಿ ಅಂತ ಕಲಿತು ಸುಮ್ಮನಾಗುತ್ತದೆ. ಇಡೀ ಲೇಖನದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸುವ ತಪ್ಪು ಇದೊಂದೇ.

ಮೂರು ಸವೆದ ಟೈರಿನ ಜೊತೆ ಒಂದು ಹೊಸ ಟೈರು ಹಾಕಿದರೂ ಇದಕ್ಕೆ ಗೊಂದಲ. ಹೊಸದು ಸ್ವಲ್ಪ ದೊಡ್ಡದು, ಹಾಗಾಗಿ ನಿಧಾನ ಸುತ್ತುತ್ತದೆ. ಉಳಿದವು ಗಾಳಿ ಇಳಿದಂತೆ ಕಾಣುತ್ತವೆ. ರೀಸೆಟ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಾಲ್ಕೂ ಚಕ್ರ ತಿಂಗಳುಗಟ್ಟಲೆ ಒಂದೇ ಸಮ ಇಳಿಯುತ್ತಾ ಬಂದರೆ ಚಕ್ರಗಳನ್ನು ಒಂದಕ್ಕೊಂದು ಹೋಲಿಸಿ ಮಾತ್ರ ನೋಡುವ ವ್ಯವಸ್ಥೆಗೆ ಗೊತ್ತೇ ಆಗುವುದಿಲ್ಲ. ಈ ಕಾರುಗಳವರಿಗೆ ಕೈಯ ಗೇಜ್ ಬೇಕೇ ಬೇಕು.

ನನ್ನ ಕಾರಿಗೆ ಈಗ ಎಂಟು ವರ್ಷ. ಮೊನ್ನೆಯ ಚಳಿಗೆ ಹಿಂದಿನ ಬಲ ಚಕ್ರ ಬೆಳಿಗ್ಗೆ ಗೀಟು, ಹತ್ತು ಗಂಟೆಗೆ 32. ಸೆಲ್ಲು ಮುದಿಯಾಗಿದೆ. ಒಂದನ್ನು ಈಗ ಬದಲಿಸಿದರೆ ಅದೇ ವಯಸ್ಸಿನ ಉಳಿದ ಮೂರು ಸಾಲಾಗಿ ಹಿಂದೆಯೇ ಬರುತ್ತವೆ, ಪ್ರತಿ ಸಲ ಟೈರು ಬಿಚ್ಚುವ ಕೂಲಿ ಬೇರೆ. ಟೈರುಗಳೂ ಹೇಗೂ ಸವೆದಿವೆ. ಯುಗಾದಿ ಹೊತ್ತಿಗೆ ಹೊಸ ಟೈರು ಹಾಕಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸುವುದು ಅಂತ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ಭಾನುವಾರ ಬೆಳಿಗ್ಗೆ, ಕಾಫಿಗೆ ಮುಂಚೆ, ಗೇಜ್ ಹಿಡಿದು ಆ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತೇನೆ. ಮೀಟರ್‌ನ ಉಳಿದ ಮೂರು ಅಂಕಿಗಳಿಗೆ ಒಂದೂವರೆ ಸೇರಿಸಿ ಓದಿಕೊಳ್ಳುತ್ತೇನೆ.